ಪಳೀರಾವನ ಎರಡನೇ ಸೌಟು

ಖಾನಾವಳಿಯ ಮನೆಯಲ್ಲಿ ಹುಟ್ಟಿದವನು ಇನ್ನೊಬ್ಬರ ತಾಟಿನ ಮೇಲೆ ಕಣ್ಣು ಹಾಕುವುದಿಲ್ಲ. ಕಣ್ಣು ಬಿಟ್ಟಾಗಿಂದ ಕಂಡದ್ದೇ ಅದು. ಆದರೆ ಆ ಸಂಜೆ ಪುಣೆಯ ಸದಾಶಿವ ಪೇಠದ ಸೈಬರ್ ಕೆಫೆಯಲ್ಲಿ ಪಕ್ಕದ ಕುರ್ಚಿಯ ಹುಡುಗ ಪಾರ್ಸಲ್ ಬಿಚ್ಚಿದಾಗ ಮಾಂತುವಿನ ಕಣ್ಣು ಅಲ್ಲೇ ನಾಟಿತು. ಜೋಳದ ರೊಟ್ಟಿ ಅವನ ಅವ್ವ ಬಡಿದದ್ದು. ಅಂಚು ನೋಡಿದರೇ ಗೊತ್ತಾಗುತ್ತಿತ್ತು. ರೊಟ್ಟಿ ಸುತ್ತಿದ ಕಾಗದದ ಮೇಲಿನ ಚಿತ್ರ ಅವನು ತೆಗೆದದ್ದು. ಕಳೆದ ಸೈಕಲ್ ಹುಡುಕುತ್ತ ಪೇಠದ ಗಲ್ಲಿ ಗಲ್ಲಿ ಅಲೆಯುವ ಮುದುಕ. ಬದನೆಕಾಯಿಯ ಎಣ್ಣೆ ಮುದುಕನ ಎದೆಯ ತನಕ ಏರಿತ್ತು.

"ಇದು ಎಲ್ಲಿ ಸಿಕ್ಕಿತು?" ಎಂದು ಮರಾಠಿಯಲ್ಲಿ ಕೇಳಿದ.

ಹುಡುಗ ದೌಂಡದ ಬಾಳಕೃಷ್ಣ. ಅಪ್ಪ ರೈಲ್ವೆಯಲ್ಲಿ, ಮಗ ಸರ್ಕಾರಿ ಪರೀಕ್ಷೆಯ ಕ್ಲಾಸಿನಲ್ಲಿ. ಊಟ ಮಾಂತುವಿನ ಮನೆಯ ಖಾನಾವಳಿಯಲ್ಲಿ. "ನಿಮ್ಮಲ್ಲೇ ಸಿಕ್ಕಿದ್ದು ದಾದಾ," ಎಂದ ಅವನು, ಅವನದೂ ಮರಾಠಿಯೇ. "ಈಚೆಗೆ ರೊಟ್ಟಿಯ ಜೊತೆ ಒಂದೊಂದು ಚಿತ್ರ ಬರುತ್ತದೆ. ರೂಮಿನ ಗೋಡೆ ತುಂಬ ಅಂಟಿಸಿದ್ದೇವೆ. ಕಥೆಯ ನಡುವಿನ ಹಾಳೆಗಳು ಮಾತ್ರ ಯಾರ ಪಾರ್ಸಲಿಗೆ ಹೋದವೋ ಏನೋ. ಮುದುಕನಿಗೆ ಸೈಕಲ್ ಸಿಗುತ್ತದಾ?"

"ಸಿಗಂಗಿಲ್ಲ," ಎಂದು ಕನ್ನಡದಲ್ಲೇ ಹೇಳಿ ಮಾಂತು ಎದ್ದು ಹೊರಬಿದ್ದ.

ಒಂಬತ್ತನೇ ಇಯತ್ತೆಯಲ್ಲಿ ಶಾಲೆ ಬಿಟ್ಟಾಗಿಂದ ಮಾಂತು ದೇವದಾಸ್ ಶೇಠರ ಅಂಗಡಿಯಲ್ಲಿ ಮದುವೆಯ ಕಾರ್ಡು ಅಚ್ಚು ಹಾಕುತ್ತಿದ್ದ. ಅಪ್ಪ ಸಿದ್ರಾಮಪ್ಪ ತೀರಿಕೊಂಡ ವರ್ಷ ಅದು. ಇಬ್ಬರಲ್ಲಿ ಒಬ್ಬ ಖಾನಾವಳಿ ನೋಡಬೇಕು, ಇನ್ನೊಬ್ಬ ಹೊರಗೆ ದುಡಿಯಬೇಕು ಎಂದು ಅಣ್ಣ ಶಿವರಾಜ ತೀರ್ಪು ಕೊಟ್ಟಿದ್ದ. ಗಲ್ಲಾ ಅಣ್ಣನಿಗೆ ಬಂತು, ಮಾಂತುವಿಗೆ ಅಚ್ಚಿನ ಶಾಯಿ. ಕಾರ್ಡು ಕತ್ತರಿಸಿ ಉಳಿದ ದಪ್ಪ ಹಾಳೆಗಳನ್ನು ಶೇಠರು ಒಯ್ಯಲು ಬಿಡುತ್ತಿದ್ದರು. ಆ ಹಾಳೆಗಳ ಮೇಲೆ ವರ್ಷಗಟ್ಟಲೆ ತೆಗೆದ ಚಿತ್ರಗಳು ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿದ್ದವು. ಇದ್ದವು ಎಂದೇ ಅವನು ತಿಳಿದಿದ್ದ. ಮನೆಗೆ ಬಂದು ಟ್ರಂಕು ಎಳೆದರೆ ಅದು ಹಗುರವಾಗಿ ಬಂತು.

ಶಿವರಾಜ ಗಲ್ಲಾದ ಮುಂದೆ ಊದುಬತ್ತಿ ಹಚ್ಚುತ್ತಿದ್ದ.

"ಟ್ರಂಕಿನ್ಯಾಗಿನ ಹಾಳಿ ಎಲ್ಲಿ?"

"ಯಾವ ಹಾಳಿ?"

"ನಿನಗ ಗೊತ್ತಿಲ್ಲೇನು?"

"ಅವಾ? ಪೇಪರಿನ ಶಾಯಿ ರೊಟ್ಟಿಗೆ ಹತ್ತತದ ಅಂತ ಹುಡುಗ್ರು ತಕರಾರು ತಗದಿದ್ರು. ನಿನ್ನ ಹಾಳಿ ದಪ್ಪ ಇದ್ವು. ಒಂದು ಕಡಿ ಗೀಚಿದ್ದಿ, ಇನ್ನೊಂದು ಕಡಿ ಸ್ವಚ್ಛ ಇತ್ತು. ಸ್ವಚ್ಛ ಇದ್ದ ಕಡೀನ ರೊಟ್ಟಿ ಇಟ್ಟೀವಿ. ನಿನ್ನ ಚಿತ್ರಕ್ಕೇನು ಧಕ್ಕಿ ಆಗ್ಯದ?"

ಮಾಂತು ಊದುಬತ್ತಿಯ ಸ್ಟ್ಯಾಂಡನ್ನು ಕಿತ್ತು ನೆಲಕ್ಕೆ ಬಡಿದ. ಸಪ್ಪಳಕ್ಕೆ ಅವ್ವ ಬಸವಣ್ಣೆವ್ವ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು. ಹಿಂದೆ ಅಣ್ಣನ ಹೆಂಡತಿ ತ್ರಿವೇಣಿ, ಅವಳ ಹಿಂದೆ ಕಾಲೇಜಿನ ಚೀಲ ಹೆಗಲಲ್ಲೇ ಇದ್ದ ತಂಗಿ ಶೈಲಶ್ರೀ.

"ಏನಾತೋ?"

"ನನ್ನ ಚಿತ್ರದಾಗ ರೊಟ್ಟಿ ಕಟ್ಟಿ ಮಾರ್ಯಾನವ್ವಾ. ನನ್ನ ಕೇಳದ."

ಅವ್ವ ಅರ್ಥವಾಗದೆ ನೋಡಿದಳು. "ಅವನ್ನ ನಾನ ಕಟ್ಟೀನಿ. ಚಿತ್ರದ ಹಾಳಿ ಯಾಕೋ ಅಂದ್ರ, ಮಾಂತುನ ಬ್ಯಾಡಂತ ಕೊಟ್ಟಾನ ಅಂದ ಶಿವರಾಜ."

"ನಾ ಎಂದ ಕೊಟ್ಟೆ?"

ಎಲ್ಲರೂ ಶಿವರಾಜನ ಕಡೆ ತಿರುಗಿದರು. ಅವನು ಒಂದು ಗಳಿಗೆ ಅವ್ವನ ಮುಖ ನೋಡಿದ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ ಕೈ ಒಳಗೆ ಹಾಕಿ ಎದೆಯ ಮೇಲಿನ ಲಿಂಗ ಹಿಡಿದ. "ಲಿಂಗ ಮುಟ್ಟಿ ಹೇಳ್ತೀನಿ ಅವ್ವಾ. ಇವನ ಕೊಟ್ಟಾನ. ಈಗ ಮನಸ್ಸು ಬದಲಾಗಿ ಇಲ್ಲಂತಾನ."

ಮಾತು ಮುಗಿದು ಹೋಯಿತು. ಆ ಮನೆಯಲ್ಲಿ ಅದರ ಮುಂದೆ ಇನ್ನೊಂದು ಮಾತಿರಲಿಲ್ಲ.

"ವೈನಿ, ನೀವರೆ ಹೇಳ್ರಿ," ಎಂದ ಮಾಂತು.

ತ್ರಿವೇಣಿ ಸೆರಗು ಸರಿಮಾಡಿಕೊಂಡಳು. "ಅಣ್ಣ ತಮ್ಮರ ನಡುವ ನನ್ನ ಎಳೀಬ್ಯಾಡ್ರಿ ಮಾಂತು."

"ಲಿಂಗ ಮುಟ್ಟಿ ಸುಳ್ಳ ಹೇಳಾವ ಈ ಮನ್ಯಾಗ ಹುಟ್ಟಿಲ್ಲ," ಎಂದಳು ಅವ್ವ. "ಹೋಗು, ಕೈಕಾಲು ತೊಳಕೊಂಡು ಉಣ್ಣು."

"ಇವ ನಿನ್ನ ಮುಂದ ಖರೇ ಹೇಳೋತನಕ ನಾ ಈ ಮನಿ ರೊಟ್ಟಿ ಮುಟ್ಟಂಗಿಲ್ಲ."

"ಛಲೋ ಆತು," ಎಂದ ಶಿವರಾಜ ಬೂದಿ ಗುಡಿಸುತ್ತ. "ಒಂದು ತಾಟು ಉಳೀತು."

*

ಮೊದಲ ವಾರ ಅವ್ವ ದಿನಾ ಮಾಂತುವಿನ ತಾಟು ಹಾಕಿ ಇಡುತ್ತಿದ್ದಳು. ಅವನು ಅದನ್ನು ದಾಟಿಕೊಂಡು ಮೇಲೆ ಹೋಗಿ ಮಲಗುತ್ತಿದ್ದ. ಮೂಲೆಯ ಗಾಡಿಯ ವಡಾಪಾವ್, ಇಲ್ಲದಿದ್ದರೆ ಸುದೀಪ ತಂದ ಇಡ್ಲಿ. ಸುದೀಪ ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದ ಕುಂದಾಪುರದ ಕಡೆಯವನು. ಊರಿನ ಡೆಕ್ಕನ್ ಭಾಗದಲ್ಲಿ ಮಾವನ ಹೋಟೆಲಿತ್ತು. ಅಲ್ಲಿ ಟೇಬಲ್ ಒರೆಸಲಾರದೆ ಇಲ್ಲಿ ಬಂದು ಕುಳಿತಿದ್ದ.

"ನೆಟ್ಟಿನ ಮ್ಯಾಲ ಚಿತ್ರ ಹಾಕಬೇಕು," ಎಂದ ಮಾಂತು. "ಎಲ್ಲಿ ಹಾಕಲಿ ಹೇಳು."

"ಬ್ಲಾಗ್ ಮಾಡು ಮಾರಾಯ. ನಿನ್ನದೇ ಮನೆ ಇದ್ದ ಹಾಗೆ. ಎಷ್ಟು ಬೇಕಾದರೂ ಹಾಕಬಹುದು, ವರ್ಷ ಕಳೆದರೂ ಇರ್ತದೆ."

"ಯಾರ ಬರ್ತಾರ ಅಲ್ಲಿಗೆ?"

"ಈಗ ನಾನು ಬರ್ತೇನೆ."

"ನೀ ಇಲ್ಲೇ ಕುಂತೀದಿ. ಮತ್ತ?"

"ಡೀವಿಯಂಟ್‌ಆರ್ಟ್ ಅಂತ ಉಂಟು. ಬರೀ ಚಿತ್ರ ಬಿಡಿಸುವವರದ್ದೇ. ದೊಡ್ಡದಾಗಿ ಕಾಣ್ತದೆ, ಗೆರೆ ಹಾಳಾಗುವುದಿಲ್ಲ. ಜಪಾನಿನವರು, ಅಮೆರಿಕದವರು ನೋಡಿ ಒಳ್ಳೆ ಮಾತು ಬರೀತಾರೆ."

"ಅವರು ನಮ್ಮ ಖಾನಾವಳ್ಯಾಗ ಉಣ್ತಾರೇನು?"

"ಎಂತ ಕೇಳ್ತೀಯ ನೀನು."

"ನನಗ ಹೊಗಳೋ ಮಂದಿ ಬ್ಯಾಡ. ಈ ಪೇಠಿನ ಹುಡುಗ್ರು ದಿನಾ ಎಲ್ಲಿ ಹೊಕ್ಕು ಹೊರಡ್ತಾರ, ಅದನ್ನ ಹೇಳು."

ಸುದೀಪ ಸುತ್ತ ಕೈ ತೋರಿಸಿದ. ಸಾಲು ಕಂಪ್ಯೂಟರಿನ ಪ್ರತಿ ಪರದೆಯೂ ಒಂದೇ ತಿಳಿನೀಲಿ ಬಣ್ಣದ್ದಾಗಿತ್ತು. "ಆರ್ಕುಟ್. ಆದರೆ ಅದು ಚಿತ್ರಕ್ಕೆ ಹೇಳಿ ಮಾಡಿಸಿದ್ದಲ್ಲ. ಹನ್ನೆರಡೇ ಫೋಟೊ ಹಾಕ್ಲಿಕ್ಕೆ ಬಿಡ್ತದೆ. ಹೊಸದು ಬೇಕಂದ್ರೆ ಹಳೆಯದೊಂದು ಅಳಿಸಬೇಕು. ಸಣ್ಣ ಮಾಡಿ ಗೆರೆ ಎಲ್ಲ ಕಲಸಿ ಬಿಡ್ತದೆ. ನಾಳೆ ಹುಡುಕಿದರೆ ಎಂತದೂ ಉಳಿದಿರುವುದಿಲ್ಲ."

"ಉಳೀಬೇಕಂತ ಇಟ್ಟಿದ್ದೆಲ್ಲ ಎಣ್ಣ್ಯಾಗ ಹೋತು. ಇನ್ನ ಉಳಿಯೋದು ಬ್ಯಾಡ. ಕಚ್ಚಬೇಕು, ಅಷ್ಟ."

ಅವತ್ತೇ ಪಳೀರಾವ ಹುಟ್ಟಿದ. ಮರಾಠಿಯಲ್ಲಿ ಪಳಿ ಎಂದರೆ ಸೌಟು. ಮೈ ಮನುಷ್ಯನದು, ಗೀರು ಗೀರು ಅಂಗಿ, ಗಲ್ಲಾದ ಮುಂದಿನ ಕುರ್ಚಿ. ತಲೆಯಿರಬೇಕಾದ ಜಾಗದಲ್ಲಿ ಒಂದು ಸೌಟು. ಅಪ್ಪನ ಕಾಲದಲ್ಲಿ ಉಣ್ಣುವವರು ಸಾಕು ಅನ್ನುವ ತನಕ ನೀಡುವ ಪದ್ಧತಿಯಿತ್ತು. ಶಿವರಾಜನ ಕಾಲಕ್ಕೆ ತಾಟಿಗೊಂದು ಸೌಟು ಪಲ್ಯ, ಗಿರಾಕಿಗೂ ಅಷ್ಟೇ, ಹೆತ್ತ ತಾಯಿಗೂ ಅಷ್ಟೇ. ಗಲ್ಲಾ ಬಿಟ್ಟು ಎದ್ದು ಬಂದು ತಾನೇ ನೀಡುತ್ತಿದ್ದ, ಹೆಂಡತಿಯ ಕೈ ಮೇಲೂ ನಂಬಿಗೆ ಇರಲಿಲ್ಲ.

ಮಾಂತು ಮಾತು ಬರೆಯಲಿಲ್ಲ, ಬರೀ ಚಿತ್ರ. ಮಳೆರಾಯ ಪುಣೆಗೆ ಬಂದರೆ ಪಳೀರಾವ ಅಡ್ಡ ನಿಂತು ಪೇಠಕ್ಕೆ ಒಂದೇ ಸೌಟು ಮಳೆ ಅಳೆದು ಹಾಕುತ್ತಾನೆ. ತೊಟ್ಟಿಲ ಕೂಸು ಅತ್ತರೆ ಒಂದು ಸೌಟು ಹಾಲು. ಮದುವೆಯಲ್ಲಿ ವಧುವರರ ತಲೆಗೆ ಒಂದೇ ಸೌಟು ಅಕ್ಕಿಕಾಳು. ಶೇಠರ ಅಂಗಡಿಯ ಸ್ಕ್ಯಾನರಿನಲ್ಲಿ ಇಳಿಸಿ ಮಾಂತು ಅವನ್ನು ಆರ್ಕುಟ್‌ಗೆ ಏರಿಸಿದ. ಪೇಠದ ಮೆಸ್ಸುಗಳ ಊಟದ ಬಗ್ಗೆ ಹುಡುಗರೇ ಕಟ್ಟಿಕೊಂಡಿದ್ದ ಗುಂಪಿನಲ್ಲಿ ಶೈಲಶ್ರೀ ಅದರ ಸುದ್ದಿ ಹಾಕಿದಳು. ಅವಳಿಗೆ ಕಾಲೇಜಿನಲ್ಲಿ ಇದೆಲ್ಲ ರೂಢಿಯಾಗಿತ್ತು.

"ಅಣ್ಣಗ ಗೊತ್ತಾದ್ರ ನನ್ನ ಕಾಲೇಜ ಬಿಡಿಸ್ತಾನ," ಎಂದಳು.

"ಅಂಜಿಕಿ ಬರ್ತದೇನು?"

"ಅಂಜಿಕಿ ಬರ್ತದ. ಆದ್ರ ಅವನ ಮಾರಿ ಹಿಂಗ ಸೌಟಿನಂಗ ಅದ ಅಂತ ನನಗ ಇಷ್ಟು ದಿನ ಹೊಳದಿದ್ದಿಲ್ಲ ನೋಡು."

*

ಎರಡು ವಾರಕ್ಕೆ ಖಾನಾವಳಿಯಲ್ಲಿ ನಗು ಶುರುವಾಯಿತು. ಶಿವರಾಜ ಪಲ್ಯದ ಪಾತ್ರೆ ಹಿಡಿದು ಬಂದರೆ ಸಾಲಿಗೆ ಸಾಲೇ ತಾಟಿಗೆ ಮುಖ ಹಾಕಿ ಕಿಸಿಯುತ್ತಿತ್ತು. ಮೂಲೆಯಿಂದ ಯಾರೋ, "ಪಳೀರಾವ್, ಇನ್ನೊಂದು ಸೌಟು ಹಾಕಿ ಪುಣ್ಯ ಕಟ್ಟಿಕೊಳ್ಳಿ," ಎನ್ನುತ್ತಿದ್ದರು. ಶಿವರಾಜ ಸುತ್ತ ನೋಡುತ್ತಿದ್ದ. ಮಾಂತು ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು ಅದನ್ನು ಕಣ್ಣು ತುಂಬ ನೋಡಿ ಹೋಗುತ್ತಿದ್ದ. ಆಗ ವಡಾಪಾವಿಗೂ ರುಚಿ ಬರುತ್ತಿತ್ತು.

ಒಂದು ರವಿವಾರ ಗಿರಾಕಿಯೆಲ್ಲ ಹೋದ ಮೇಲೆ ಮನೆಯವರು ಊಟಕ್ಕೆ ಕುಳಿತಾಗ ಶಿವರಾಜ ಕೇಳಿದ.

"ಶೈಲೂ, ಪಳೀರಾವ ಅಂದ್ರ ಯಾರು?"

ಶೈಲಶ್ರೀ ನೀರಿನ ತಂಬಿಗೆಗೆ ಕೈ ಹಾಕಿದಳು. ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದ ಮಾಂತುವೇ ಉತ್ತರ ಕೊಟ್ಟ. "ನೀನ."

"ನಾನಾ?"

"ಆರ್ಕುಟ್‌ದಾಗ ನಿನ್ನ ಚಿತ್ರ ತಗದು ಹಾಕೀನಿ. ತಲಿ ಜಾಗಾದಾಗ ಸೌಟು. ಪೂರಾ ಪೇಠ ನಗಾಕತ್ತದ."

ತ್ರಿವೇಣಿ ಕೈಯಲ್ಲಿದ್ದ ಶೇಂಗಾ ಹಿಂಡಿಯ ಡಬ್ಬಿ ಕೆಳಗಿಟ್ಟಳು. ಅವ್ವ, "ಆರ್ಕುಟ್ ಅಂದ್ರ ಯಾವ ಓಣಿ?" ಎಂದಳು.

ಮಾಂತು ಕಾದ. ಅಣ್ಣ ತಾಟು ಎತ್ತಿ ಒಗೆಯಲಿ, ಬಯ್ಯಲಿ, ಕೈ ಮಾಡಲಿ, ಹಾಳೆಯ ಮಾತು ತಾನಾಗಿ ಹೊರಬೀಳಲಿ. ಶಿವರಾಜ ರೊಟ್ಟಿ ಮುರಿದು ಪಲ್ಯಕ್ಕೆ ಒತ್ತಿ ಬಾಯಿಗಿಟ್ಟು ನಿಧಾನಕ್ಕೆ ಅಗಿದ.

"ಪೂರಾ ಪೇಠ ಅಂದ್ರ, ಬ್ಯಾರೆ ಮೆಸ್ಸಿನ ಹುಡುಗ್ರೂ ನೋಡ್ತಾರೇನು?"

"ಎಲ್ಲಾರೂ."

"ಅದಕ್ಕ. ಈ ವಾರ ಹೊಸಾ ಮಾರಿ ಭಾಳ ಬರಾಕತ್ತಾವಲ್ಲ ಅಂತ ಯೋಚನಿ ಮಾಡ್ತಿದ್ದೆ. ಸೌಟಿನ ಮೆಸ್ ಇದೇ ಏನ್ರಿ ಅಂತ ಕೇಳಿ ಒಳಗ ಬರ್ತಾರ." ಅವನು ನೀರು ಕುಡಿದು ನಕ್ಕ. "ಹಾಕು ಹಾಕು. ಇನ್ನೂ ನಾಕು ಹಾಕು."

ಆ ವಾರದ ಕೊನೆಗೆ ಮಾಂತು ಅಂಗಡಿಯಿಂದ ಬಂದು ಗಲ್ಲಿಯ ಬಾಯಲ್ಲೇ ನಿಂತ. ಖಾನಾವಳಿಯ ಬಾಗಿಲ ಮೇಲೆ ಹೊಸ ಬೋರ್ಡು. ಹಳದಿ ಬಣ್ಣ, ಅದರ ಮೇಲೆ ಗೀರು ಗೀರು ಅಂಗಿಯ ಪಳೀರಾವ, ಕೈ ಮುಗಿದು ಸ್ವಾಗತ ಮಾಡುತ್ತಿದ್ದ. ಶಿರೂರಿನಿಂದ ಬಂದ ಪೇಂಟರ್ ಯಾವನೋ ಪರದೆ ನೋಡಿ ನಕಲು ಇಳಿಸಿದ್ದ. ಸೌಟಿನ ಬಾಗು ತಪ್ಪಿ ಅದು ಟೆನಿಸ್ ಬ್ಯಾಟಿನಂತಾಗಿತ್ತು. ಕೆಳಗಿನ ಮೂಲೆಯಲ್ಲಿ ಪೇಂಟರನ ಹೆಸರಿತ್ತು, ಫೋನ್ ನಂಬರಿತ್ತು.

"ನನ್ನ ಕೇಳಿದ್ದೇನು?" ಎಂದ ಒಳಗೆ ಹೋಗಿ.

"ನಿನ್ನ ಯಾಕ ಕೇಳಬೇಕು?"

"ಚಿತ್ರ ನಂದು."

"ಮಾರಿ ನಂದಲ್ಲೇನು?" ಎಂದ ಶಿವರಾಜ ತನ್ನ ಕೆನ್ನೆ ತಟ್ಟಿ ತೋರಿಸುತ್ತ. ಪಕ್ಕದ ಟೇಬಲಿನ ಹುಡುಗರು ಹೋ ಎಂದು ನಕ್ಕರು. ಈ ಸಲ ಅವರು ನಕ್ಕದ್ದು ಅಣ್ಣನ ಪರವಾಗಿ.

*

"ಎರಡು ಸಲ," ಎಂದ ಮಾಂತು. "ಎರಡು ಸಲ ತಿಂದ ನನ್ನ. ಮೊದಲ ಹಾಳಿ, ಈಗ ಪಳೀರಾವ."

"ಬಿಟ್ಟುಬಿಡು ಮಾರಾಯ," ಎಂದ ಸುದೀಪ. "ಇಲ್ಲಿ ನೋಡು, ಬ್ರೆಜಿಲಿನವ ಒಬ್ಬ ನಿನ್ನ ಪುಟದಲ್ಲಿ ಸ್ಕ್ರ್ಯಾಪ್ ಬರೆದು ಹಾಕಿದ್ದಾನೆ. ಭಾಷೆ ಗೊತ್ತಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕೆ ಅಂತ. ನೀನು ಆ ಚಿತ್ರದವರ ಸೈಟಿಗೆ ಹೋಗು. ಇಲ್ಲಿ ನಿನ್ನ ಗೆರೆ ಹಾಳು."

"ಬ್ರೆಜಿಲ್‌ದಾಂವ ನಕ್ಕರ ನನ್ನ ಹೊಟ್ಟಿ ತಂಪಾಗ್ತದೇನು?"

ಆರ್ಕುಟ್‌ನಲ್ಲಿ ಈಚೆಗೆ ಯಾರು ಬಂದು ನೋಡಿ ಹೋದರು ಎಂಬುದು ಹೆಸರು ಸಮೇತ ಕಾಣುತ್ತಿತ್ತು. ಮಾಂತು ದಿನಾ ಬಂದು ಮೊದಲು ಅದನ್ನೇ ನೋಡುತ್ತಿದ್ದ. ದೌಂಡದವರು, ಶಿರೂರಿನವರು, ಶೈಲಶ್ರೀಯ ಗೆಳತಿಯರು, ಈಗ ಬ್ರೆಜಿಲಿನವನು. ಬರಬೇಕಾದವನು ಬರುತ್ತಿರಲಿಲ್ಲ. ಅವನು ಜನ್ಮದಲ್ಲಿ ಕಂಪ್ಯೂಟರಿನ ಮುಂದೆ ಕುಳಿತವನಲ್ಲ. ಅವ್ವನಂತೂ ಓದು ಬರಹವಿಲ್ಲದವಳು, ಒಲೆ ಬಿಟ್ಟು ಏಳದವಳು. ಆ ಇಬ್ಬರನ್ನು ಬಿಟ್ಟು ಜಗತ್ತೆಲ್ಲ ನೋಡುತ್ತಿತ್ತು.

"ಜಾಗಾ ತಪ್ಪು ಆರಿಸಿದೆ," ಎಂದ ಮಾಂತು.

"ನಾನು ಆವತ್ತೇ ಹೇಳಿದ್ದಲ್ವಾ, ಬ್ಲಾಗ್..."

"ಬ್ಲಾಗೂ ಅಲ್ಲ. ನನ್ನ ಚಿತ್ರ ಅವ ಎಲ್ಲಿ ಹಚ್ಚಿದ್ನೋ ಅಲ್ಲೇ ಹಚ್ತೀನಿ."

ದೇವದಾಸ್ ಶೇಠರು ಮದುವೆಗೆಂದು ಶಿರೂರಿಗೆ ಹೋದ ದಿನ ಅವನು ಅಚ್ಚಿಗೆ ಕುಳಿತ. ಒಂದೇ ಹಾಳೆ, ನಾಲ್ಕು ಚಿತ್ರ, ಮಾತಿಲ್ಲ. ಉಳಿಕೆಯ ಕಾಗದ ಮುಗಿಯುವ ತನಕ ಹೊಡೆದ. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಸ್ವಚ್ಛ. ಒಣಗಿದ ಮೇಲೆ ಕಟ್ಟು ಕಟ್ಟಿ ಶೈಲಶ್ರೀಯ ಕೈಗೆ ಕೊಟ್ಟ.

"ಅಂಗಡ್ಯಾಗ ಅಚ್ಚು ಕೆಟ್ಟ ಹಾಳಿ, ಪುಕ್ಕಟ ಸಿಕ್ಕಾವ ಅನ್ನು. ನಾ ಕಳಿಸೀನಿ ಅನಬ್ಯಾಡ."

"ಅವ ಚಿತ್ರ ನೋಡಿದ್ರ?"

"ನೋಡಂಗಿಲ್ಲ. ಸ್ವಚ್ಛ ಇದ್ದ ಕಡಿ ಅಷ್ಟ ನೋಡ್ತಾನ."

ಹಾಗೇ ಆಯಿತು. ಶಿವರಾಜ ಹಾಳೆಯನ್ನು ಬೆರಳಲ್ಲಿ ಉಜ್ಜಿ, ದಪ್ಪ ಅಂದಾಜು ಮಾಡಿ, ಮೂಸಿ, ಸ್ವಚ್ಛ ಕಡೆ ಮೇಲಾಗಿ ಕಟ್ಟನ್ನು ಗಲ್ಲಾದ ಪಕ್ಕ ಜೋಡಿಸಿಟ್ಟ. "ನಮ್ಮ ಮಾಂತ್ಯಾ ಉಪವಾಸ ಬಿದ್ದು ಸಾಯ್ತಾನ," ಎಂದ ತ್ರಿವೇಣಿಗೆ. "ಅವನ ಶೇಠ ನೋಡು, ಕಸದಾಗೂ ಉಪಯೋಗ ಮಾಡ್ತಾನ."

*

ಮರುದಿನ ಮಧ್ಯಾಹ್ನ ಮಾಂತು ಕೆಲಸ ಬಿಟ್ಟು ಮನೆಗೆ ಬಂದು ಖಾನಾವಳಿಯ ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲು ಜಾಗವಿರಲಿಲ್ಲ. ತಾಟಿನ ಸದ್ದು, ಝುಣಕದ ವಾಸನೆ. ಒಳಗೆ ಅವ್ವ ರೊಟ್ಟಿ ಬಡಿಯುವ ತಾಳ. ಗಲ್ಲಾದಲ್ಲಿ ಶಿವರಾಜ ಪಾರ್ಸಲಿನವರಿಗೆ ತಾನೇ ಕಟ್ಟಿ ಕೊಡುತ್ತಿದ್ದ. ರೊಟ್ಟಿ ಇಡುವುದು, ಮಡಚುವುದು, ದಾರ ಸುತ್ತುವುದು, ಮುಂದಿನವನ ಮುಖ ನೋಡುವುದು. ಕೈಯಲ್ಲಿ ಏನು ಹೋಗುತ್ತಿದೆ ಎಂದು ಅವನು ನೋಡಲೇ ಇಲ್ಲ.

ಬಾಳಕೃಷ್ಣ ಪಾರ್ಸಲ್ ತೆಗೆದುಕೊಂಡ. ಹೊರಳಿಸಿದ. ದಾರ ಬಿಚ್ಚಿ ರೊಟ್ಟಿಯನ್ನು ಎಡಗೈಗೆ ಹಾಕಿಕೊಂಡು ಕಾಗದ ಬಿಡಿಸಿದ.

"ಪಳೀರಾವ್," ಎಂದ, ಈ ಸಲ ನಗದೆ. "ಇದು ನಿಜವಾ?"

"ಯಾವುದು?"

"ಹುಡುಗನ ಚಿತ್ರ ಕದ್ದು ರೊಟ್ಟಿ ಕಟ್ಟಿದ್ದು. ನಮ್ಮ ಗೋಡೆಯ ಮೇಲಿರುವುದೆಲ್ಲ ಅದೇನಾ?"

ಹಿಂದೆ ನಿಂತವರು ತಮ್ಮ ತಮ್ಮ ಪಾರ್ಸಲು ಹೊರಳಿಸಿದರು. ಟೇಬಲುಗಳಲ್ಲಿ ಮಾತು ಕಡಿಮೆಯಾಯಿತು. ಶಿವರಾಜ ಕಟ್ಟಿನ ಮೇಲಿನ ಹಾಳೆ ತಿರುವಿ ನೋಡಿದ. ಬಾಗಿಲಲ್ಲಿದ್ದ ಮಾಂತುವನ್ನು ಕಂಡ. ಕಟ್ಟನ್ನು ಕಾಲಿನ ಕೆಳಗೆ ತಳ್ಳಲು ಹೋದ.

ಅಷ್ಟರಲ್ಲಿ ಅವ್ವ ರೊಟ್ಟಿಯ ಬುಟ್ಟಿ ಹೊತ್ತು ಹೊರಗೆ ಬಂದಳು. "ಯಾಕ ಸುಮ್ಮಾದ್ರಿ ಎಲ್ಲಾರೂ?"

ಬಾಳಕೃಷ್ಣ ಕೈಯಲ್ಲಿದ್ದ ಹಾಳೆಯನ್ನೇ ಅವಳಿಗೆ ಕೊಟ್ಟ. "ಆಜಿ, ನೀವೇ ನೋಡಿ."

ಅವ್ವ ಹಾಳೆ ಹಿಡಿದು ಬೆಳಕಿಗೆ ಬಂದಳು. ಅಕ್ಷರ ಬಾರದವಳು ಚಿತ್ರವನ್ನು ಬೆರಳು ಇಟ್ಟು ಓದಿದಳು. ಮೊದಲನೆಯದರಲ್ಲಿ ಹುಡುಗ ಟ್ರಂಕು ಮುಚ್ಚಿ ಕೆಲಸಕ್ಕೆ ಹೋಗುತ್ತಾನೆ. ಎರಡನೆಯದರಲ್ಲಿ ಪಳೀರಾವ ಆ ಟ್ರಂಕು ಬರಿದು ಮಾಡುತ್ತಾನೆ. ಮೂರನೆಯದರಲ್ಲಿ ಹಿಟ್ಟಿನ ಕೈಯ ಮುದುಕಿ ಏನೋ ಕೇಳುತ್ತಾಳೆ, ಪಳೀರಾವನ ಒಂದು ಕೈ ಹುಡುಗನ ಖಾಲಿ ಮಂಚ ತೋರಿಸುತ್ತದೆ, ಇನ್ನೊಂದು ಕೈ ಅಂಗಿಯೊಳಗೆ ಎದೆಯ ಮೇಲಿದೆ. ಅಲ್ಲಿ ಅವಳ ಬೆರಳು ತಡೆಯಿತು. ನಾಲ್ಕನೆಯದರಲ್ಲಿ ಮುದುಕಿ ರೊಟ್ಟಿ ಸುತ್ತುತ್ತಿದ್ದಾಳೆ, ಸುತ್ತುವ ಕಾಗದದೊಳಗಿಂದ ಹುಡುಗನ ಮುಖ ಇಣುಕುತ್ತದೆ.

ಅವ್ವ ಬುಟ್ಟಿಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಎರಡೂ ಒಲೆ ಆರಿದ ಸದ್ದು ಕೇಳಿಸಿತು. ಕೈ ಒರೆಸಿಕೊಂಡು ಹೊರಗೆ ಬಂದು ಗಲ್ಲಾದ ಮುಂದೆ ನಿಂತಳು.

"ಲಿಂಗ ಮುಟ್ಟು. ಅವತ್ತ ಹೇಳಿದ್ದು ಮತ್ತೊಮ್ಮೆ ಹೇಳು."

"ಅವ್ವಾ, ಗಿರಾಕಿ ಕುಂತಾರ."

"ಕುಂದ್ರಲಿ."

"ಒಳಗ ನಡಿ, ಹೇಳ್ತೀನಿ."

"ಇಲ್ಲೇ ಹೇಳು. ನೀ ಹೇಳೋತನಕ ಹಂಚು ಕಾಯಂಗಿಲ್ಲ."

ಕನ್ನಡ ಬಾರದ ಹುಡುಗರಿಗೂ ಅದು ತಿಳಿಯಿತು. ಯಾರೂ ಏಳಲಿಲ್ಲ. ಶಿವರಾಜನ ಕೈ ಅಂಗಿಯ ಗುಂಡಿಯ ತನಕ ಹೋಯಿತು, ಅಲ್ಲೇ ನಿಂತಿತು, ಕೆಳಗಿಳಿಯಿತು.

"ನಾನ ತಗೊಂಡೆ," ಎಂದ ಗಲ್ಲಾದ ಹಲಗೆ ನೋಡುತ್ತ. "ಅವ ಕೊಟ್ಟಿದ್ದಿಲ್ಲ."

"ಟ್ರಂಕು ಬರಿದು ಮಾಡುವಾಗ ನಾ ಅಲ್ಲೇ ಇದ್ನಿರಿ ಅತ್ತಿ," ಎಂದಳು ತ್ರಿವೇಣಿ, ಯಾರೂ ಕೇಳದಿದ್ದರೂ. "ನಾನೂ ಸುಮ್ನ ನಿಂತೆ."

"ನನ್ನ ಕೈಲೆ ಮಾಡಿಸಿದೆಲ್ಲೋ," ಎಂದಳು ಅವ್ವ ಶಿವರಾಜನಿಗೆ. ದನಿ ಏರಲಿಲ್ಲ. "ನನ್ನ ಮಗನ ಬದುಕು ನನ್ನ ಕೈಲೇ ಮಡಚಿ ದಾರ ಕಟ್ಟಿಸಿದಿ."

ಒಳಗೆ ಹೋಗಿ ಒಲೆ ಹಚ್ಚಿದಳು.

*

ಗಿರಾಕಿಯೆಲ್ಲ ಹೋದ ಮೇಲೆ ಶೈಲಶ್ರೀ ನೆಲ ಒರೆಸಿದಳು, ತ್ರಿವೇಣಿ ತಾಟು ಹಾಕಿದಳು. ಮಾಂತುವಿನ ತಾಟೂ ಇತ್ತು. ಅವನು ಈ ಸಲ ಅದನ್ನು ದಾಟಲಿಲ್ಲ, ಕುಳಿತ. ಅವ್ವ ಹಂಚಿನಿಂದ ನೇರ ತಂದು ಬಿಸಿ ರೊಟ್ಟಿ ಹಾಕಿದಳು. ಶಿವರಾಜ ಪಲ್ಯದ ಪಾತ್ರೆ ಹಿಡಿದು ಬಂದ. ಎಲ್ಲರಿಗೂ ಒಂದೊಂದು ಸೌಟು ಹಾಕಿದ. ಮಾಂತುವಿನ ಮುಂದೆ ಬಂದು ಒಂದು ಹಾಕಿದ, ತಡೆದ, ಮುಖ ಆ ಕಡೆ ಮಾಡಿ ಇನ್ನೊಂದು ಹಾಕಿದ.

ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಯಾರ ತಾಟಿಗೂ ಎರಡನೇ ಸೌಟು ಬಿದ್ದಿರಲಿಲ್ಲ.

ಮಾಂತು ಉಂಡ. ವಾರಗಳ ಹಸಿವು ಅದು. ಅವ್ವ ಹಾಕಿದಷ್ಟು ರೊಟ್ಟಿ ಮುಗಿಸಿದ. ಪಲ್ಯವನ್ನು ಮಾತ್ರ ಬೆರಳಲ್ಲಿ ಎರಡು ಪಾಲು ಮಾಡಿ ಒಂದು ಪಾಲು ತಿಂದು, ಇನ್ನೊಂದನ್ನು ತಾಟಿನ ನಡುವೆ ಬಿಟ್ಟು ಕೈ ತೊಳೆದ.

ಉಂಡ ತಾಟನ್ನು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದು ಏಳುವ ಮನೆ ಅದು. ಒಂದು ಅಗುಳು ಬಿಟ್ಟರೆ ಅಪ್ಪನ ಫೋಟೊದ ಕಡೆ ನೋಡಿ ಕೆನ್ನೆ ತಟ್ಟಿಕೊಳ್ಳುತ್ತಿದ್ದರು.

"ತಾಟಿನ್ಯಾಗ ಬಿಡಬಾರದು ಮಾಂತು," ಎಂದಳು ಅವ್ವ.

"ನಾ ಕೇಳಿರಲಿಲ್ಲವ್ವಾ. ಹಾಕಿದಾಂವ ನೋಡಿಕೊಳ್ಳಲಿ."

ಶಿವರಾಜ ಪಾತ್ರೆ ಹಿಡಿದೇ ನಿಂತಿದ್ದ. ಬಿಟ್ಟ ಪಲ್ಯವನ್ನೇ ನೋಡುತ್ತಿದ್ದ. ಆಮೇಲೆ ಪಾತ್ರೆ ಕೆಳಗಿಟ್ಟು, ತಮ್ಮನ ಎದುರು ಕುಳಿತು, ತಾಟು ತನ್ನ ಕಡೆ ಎಳೆದುಕೊಂಡ. ತಮ್ಮನ ಎಂಜಲಿಗೆ ಬೆರಳು ಹಾಕಿದ. ತ್ರಿವೇಣಿ ಮುಖ ತಿರುಗಿಸಿದಳು. ಮಾಂತು ತಿರುಗಿಸಲಿಲ್ಲ. ಕೊನೆಯ ತುತ್ತು ಗಂಟಲು ಇಳಿಯುವ ತನಕ ನೋಡಿದ.

ಶಿವರಾಜ ಏಳಲು ಮಂಡಿಗೆ ಕೈ ಕೊಟ್ಟ.

"ತೊಳದು ಕುಡಿ," ಎಂದ ಮಾಂತು.

ಶಿವರಾಜ ಮತ್ತೆ ಕುಳಿತ. ತಂಬಿಗೆಯಿಂದ ನೀರು ಸುರಿದು, ಬೆರಳಿಂದ ಅಂಚು ಸುತ್ತ ತಿಕ್ಕಿ, ಎತ್ತಿ ಕುಡಿದ.

"ಹೊಟ್ಟಿ ತಂಪಾತೇನು?" ಎಂದಳು ಅವ್ವ. ಮಾಂತುವನ್ನು ಅವಳು ನೋಡಿದ ರೀತಿಯಲ್ಲಿ ಪ್ರೀತಿ ಎಷ್ಟಿತ್ತೋ ಅಂಜಿಕೆಯೂ ಅಷ್ಟೇ ಇತ್ತು.

"ಆಗಾಕತ್ತದ," ಎಂದ ಅವನು.

ಮೇಲಿನ ಕೋಣೆಯಲ್ಲಿ ಟ್ರಂಕಿನ ಹತ್ತಿರ ಅವನು ಹೊಸ ಹಾಳೆ ಹರವಿಕೊಂಡು ಕುಳಿತಾಗ ಶೈಲಶ್ರೀ ಹಿಂದೆಯೇ ಬಂದಳು.

"ಎಂಜಲಾ ತಿಂದಿದ್ದನ್ನೂ ತಗೀತಿ, ಹೌದಲ್ಲೋ?"

"ತಗೀತೀನಿ."

"ಆರ್ಕುಟ್‌ದಾಗ ಹಾಕಿದ್ರ ಅವ ಪೇಠಿನ್ಯಾಗ ತಲಿ ಎತ್ತಂಗಿಲ್ಲ. ಇಲ್ಲಂದ್ರ ಬ್ಲಾಗ್‌ದಾಗ ಹಾಕು, ಜನ್ಮ ಪೂರ್ತಿ ಇರ್ತದ. ಎಲ್ಲಿ ಹಾಕ್ತಿ?"

"ಗಲ್ಲಾದ ಎದುರಿಗೆ. ಅವ ಕುರ್ಚಿ ಮ್ಯಾಲ ಕುಂತು ತಲಿ ಎತ್ತಿದ್ರ ಕಾಣೋ ಹಂಗ ಗೋಡಿಗೆ ಹಚ್ತೀನಿ. ಕಿತ್ತು ಒಗೀಲಿ ನೋಡೋಣು."

"ಅಲ್ಲಿ ಯಾರ ನೋಡ್ತಾರ?"

"ಒಬ್ಬನ ಸಾಕು."

ಅವನು ಸೀಸದ ಕಡ್ಡಿ ಚೂಪು ಮಾಡಿದ. ಕೆಳಗಿನ ಮೂಲೆಯಲ್ಲಿ ತನ್ನ ಹೆಸರನ್ನು ಮೊದಲು ಬರೆದ. ಚಿತ್ರ ಆಮೇಲೆ ಶುರು ಮಾಡಿದ.